ಅಗ್ಗದ ನಕ್ಷೆ, ದುಬಾರಿ ಮಳೆಗಾಲ

ಕುಂದಾಪುರ: ಬೈಂದೂರು ಪೇಟೆ ದಾಟಿ ಶಿರೂರಿನತ್ತ ಹೊರಟರೆ ರಾಷ್ಟ್ರೀಯ ಹೆದ್ದಾರಿ 66 ಒತ್ತಿನೆಣೆ ಗುಡ್ಡವನ್ನು ಸೀಳಿಕೊಂಡು ಸಾಗುತ್ತದೆ. ಚತುಷ್ಪಥ ಕಾಮಗಾರಿಗಾಗಿ ಈ ಗುಡ್ಡವನ್ನು ಆಳವಾಗಿ, ಕಡಿದಾಗಿ ಕತ್ತರಿಸಲಾಯಿತು. 2017ರ ಜೂನ್ ತಿಂಗಳಲ್ಲಿ, ಮುಂಗಾರು ಕಾಲಿಟ್ಟ ಕೆಲವೇ ದಿನಗಳಲ್ಲಿ ಗುಡ್ಡದ ಮಣ್ಣು ಜಾರಿ ರಸ್ತೆಗೆ ಬಿದ್ದು ವಾಹನ ಸಂಚಾರ ಗಂಟೆಗಟ್ಟಲೆ ಸ್ಥಗಿತಗೊಂಡಿತು. ಆನಂತರ ಗುಡ್ಡದ ಮೈಗೆ ಕಾಂಕ್ರೀಟ್ ಹೊದಿಕೆ ಹಾಕಲಾಯಿತು. ಮಳೆ ಬಿರುಸಾದಾಗಲೆಲ್ಲ ಬೈಂದೂರಿನ ಜನ ಇಂದಿಗೂ ಒತ್ತಿನೆಣೆಯತ್ತ ಒಂದು ಕಣ್ಣಿಟ್ಟೇ ಇರುತ್ತಾರೆ.

ಗುಡ್ಡ ಕುಸಿದಾಗ ಜನರ ಆಕ್ರೋಶವೆಲ್ಲ ಗುತ್ತಿಗೆದಾರನ ಮೇಲೆ ತಿರುಗುವುದು ವಾಡಿಕೆ. ಜನಪ್ರತಿನಿಧಿಗಳು ಸ್ಥಳಕ್ಕೆ ಧಾವಿಸುತ್ತಾರೆ, ಅಧಿಕಾರಿಗಳಿಗೆ ತರಾಟೆ, ಕಂಪನಿಗೆ ನೋಟಿಸು. ಆದರೆ ಗುಡ್ಡವನ್ನು ಎಷ್ಟು ಕೋನದಲ್ಲಿ ಕಡಿಯಬೇಕು, ಎಷ್ಟು ಕಡೆ ಕೊರೆದು ಮಣ್ಣಿನ ಮಾದರಿ ತೆಗೆಯಬೇಕು, ನೆತ್ತಿಯಿಂದ ಇಳಿಯುವ ನೀರು ಎತ್ತ ಹೋಗಬೇಕು ಎಂಬ ತೀರ್ಮಾನಗಳು ಜೆಸಿಬಿ ಬರುವುದಕ್ಕೆ ಬಹಳ ಮೊದಲೇ ಕಾಗದದ ಮೇಲೆ ಆಗಿರುತ್ತವೆ. ಆ ಕಾಗದವೂ ಸರಕಾರ ಹಣ ಕೊಟ್ಟು ಖರೀದಿಸುವ ಒಂದು ಸೇವೆಯೇ. ಸರ್ವೆ, ಮಣ್ಣು ಪರೀಕ್ಷೆ, ಡಿಪಿಆರ್ ಎಂದು ಕರೆಯುವ ವಿಸ್ತೃತ ಯೋಜನಾ ವರದಿ, ವಿನ್ಯಾಸ, ಪರಿಸರ ಅಧ್ಯಯನ, ಕಾಮಗಾರಿಯ ಮೇಲ್ವಿಚಾರಣೆ ಎಲ್ಲವೂ ಈ ಎಂಜಿನಿಯರಿಂಗ್ ಸೇವೆಯ ಸಾಲಿಗೆ ಸೇರುತ್ತವೆ. ಒಟ್ಟು ಯೋಜನಾ ವೆಚ್ಚದಲ್ಲಿ ಇದರ ಪಾಲು ತೀರಾ ಚಿಕ್ಕದು. ಕೋಟಿಗಟ್ಟಲೆ ಕಾಮಗಾರಿಯ ಶಂಕುಸ್ಥಾಪನೆ ಸುದ್ದಿಯಾಗುತ್ತದೆ. ಅದರ ಡಿಪಿಆರ್‌ಗೆ ಕರೆದ ಟೆಂಡರ್ ಯಾರ ಕಣ್ಣಿಗೂ ಬೀಳುವುದಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದ ಪರಿಸರ ಕೆಟ್ಟಿರುವುದು ಬಹುಮಟ್ಟಿಗೆ ಈ ಕಣ್ಣಿಗೆ ಬೀಳದ ಜಾಗದಲ್ಲಿ.

ಬೇಸಗೆಯ ಸರ್ವೆ

ಕರಾವಳಿಯ ಗುಡ್ಡಗಳ ರಚನೆ ಇಲ್ಲಿ ಬಾವಿ ತೋಡುವ ಕೂಲಿಯವನಿಗೂ ತಿಳಿದ ವಿಷಯ. ಮೇಲೆ ಮುರಕಲ್ಲಿನ ಗಟ್ಟಿ ಪದರ, ಅದರಡಿ ಶೇಡಿಮಣ್ಣು. ಒಣಗಿರುವಾಗ ಶೇಡಿಮಣ್ಣು ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದೊಡನೆ ಬಲ ಕಳೆದುಕೊಂಡು ಕೆಸರಾಗಿ ಜಾರುತ್ತದೆ. ಮುರಕಲ್ಲಿನ ಬಿರುಕುಗಳಲ್ಲಿ ಇಳಿದ ಮಳೆನೀರು ಶೇಡಿಯ ಮೇಲೆ ನಿಂತು ಪಕ್ಕಕ್ಕೆ ಹರಿಯುವುದರಿಂದಲೇ ಗುಡ್ಡದ ಬುಡದಲ್ಲಿ ಒರತೆಗಳು ಜೀವಂತವಾಗಿರುತ್ತವೆ. ಗುಡ್ಡವನ್ನು ಶೇಡಿಯ ಮಟ್ಟಕ್ಕಿಂತ ಕೆಳಗೆ ಕಡಿದರೆ ಅಷ್ಟೂ ನೀರು ಕಡಿದ ಮೈಯಿಂದ ಹೊರಬರಲು ನೋಡುತ್ತದೆ. ಅದಕ್ಕೆ ದಾರಿ ಬಿಡದೆ ಮೇಲೆ ಕಾಂಕ್ರೀಟ್ ಬಳಿದರೆ ನೀರಿನ ಒತ್ತಡ ಒಳಗೇ ಬೆಳೆಯುತ್ತದೆ.

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ವಾಡಿಕೆ ಮಳೆ 4,000 ಮಿ.ಮೀ.ಗೂ ಅಧಿಕ. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಡಿಪಿಆರ್ ತಯಾರಿಕೆಗೆ ಕೊಡುವ ಅವಧಿ ಕೆಲವೇ ತಿಂಗಳಾದಾಗ ಸರ್ವೆ ತಂಡ ಮಳೆ ಬಿಟ್ಟ ಮೇಲೆ ಬಂದು, ಮಳೆ ಹಿಡಿಯುವ ಮೊದಲು ವರದಿ ಒಪ್ಪಿಸಿ ಹೋಗುತ್ತದೆ. ಆ ತಂಡದ ಉಪಕರಣ ಎಷ್ಟೇ ಆಧುನಿಕವಾಗಿರಲಿ, ಅದು ಅಳೆಯುವುದು ಒಣಗುಡ್ಡವನ್ನು, ಬತ್ತಿದ ತೋಡನ್ನು. ತೋಡಿನಲ್ಲಿ ಆಟಿ ತಿಂಗಳಿನಲ್ಲಿ ನೀರು ಎಲ್ಲಿವರೆಗೆ ಏರುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಬೇಕೆಂಬ ಷರತ್ತು ಟೆಂಡರಿನಲ್ಲಿ ಇಲ್ಲದಿದ್ದರೆ ಕೇಳುವವರೂ ಇರುವುದಿಲ್ಲ. ಒಂದು ಕಡೆ ಹೆಚ್ಚುವರಿಯಾಗಿ ಕೊರೆದು ಮಣ್ಣು ತೆಗೆದರೆ ಅದು ಸಲಹಾ ಸಂಸ್ಥೆಗೆ ಖರ್ಚು. ಕಡಿಮೆ ದರಕ್ಕೆ ಕೆಲಸ ಹಿಡಿದವನು ಆ ಖರ್ಚನ್ನು ಉಳಿಸುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇದೇ ಹೆದ್ದಾರಿಯಲ್ಲಿ ಉತ್ತರಕ್ಕೆ ಸಾಗಿದರೆ ಅಂಕೋಲಾ ತಾಲೂಕಿನಲ್ಲಿ ಇನ್ನೊಂದು ಶಿರೂರು ಇದೆ. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿ, ನಿಂತಿದ್ದ ವಾಹನಗಳು ಮಣ್ಣಿನೊಂದಿಗೆ ಗಂಗಾವಳಿ ನದಿ ಸೇರಿದವು. ಹಲವರು ಜೀವ ಕಳೆದುಕೊಂಡರು. ಕೇರಳದ ಲಾರಿ ಚಾಲಕನೊಬ್ಬನ ಶೋಧ ಸೆಪ್ಟೆಂಬರ್‌ವರೆಗೂ ನಡೆಯಿತು. ಬೈಂದೂರಿನ ಶಿರೂರಿಗೂ ಅಂಕೋಲಾದ ಶಿರೂರಿಗೂ ಹೆಸರು ಒಂದೇ ಎಂಬುದು ಕಾಕತಾಳೀಯ. ಎರಡೂ ಕಡೆ ಕಡಿದ ಗುಡ್ಡದ ಬುಡದಲ್ಲಿ ಹೆದ್ದಾರಿ ಸಾಗುತ್ತದೆ ಎಂಬುದು ಕಾಕತಾಳೀಯವಲ್ಲ.

ಬೈಲು ಮತ್ತು ಏರಿ

ಗುಡ್ಡ ಕುಸಿತ ಕ್ಯಾಮೆರಾಗಳನ್ನು ಸೆಳೆಯುತ್ತದೆ. ಬ್ರಹ್ಮಾವರದಿಂದ ಕೋಟ, ತೆಕ್ಕಟ್ಟೆ, ಕುಂಭಾಶಿ ಮಾರ್ಗವಾಗಿ ಕುಂದಾಪುರದವರೆಗೆ ನಡೆದಿರುವ ಇನ್ನೊಂದು ಬದಲಾವಣೆಗೆ ಅಂಥ ಆಕರ್ಷಣೆಯಿಲ್ಲ. ಇಲ್ಲಿನ ನೆಲ ಪೂರ್ವದಿಂದ ಪಶ್ಚಿಮಕ್ಕೆ ಇಳಿಜಾರು. ಗುಡ್ಡೆಯ ನೀರು ತೋಡಿಗೆ, ತೋಡಿನದು ಬೈಲಿಗೆ, ಬೈಲಿನದು ಹೊಳೆಗೆ, ಹೊಳೆಯದು ಕಡಲಿಗೆ. ಹೆದ್ದಾರಿ ಸಾಗುವುದು ದಕ್ಷಿಣೋತ್ತರವಾಗಿ, ಅಂದರೆ ನೀರಿನ ದಾರಿಗೆ ಅಡ್ಡಲಾಗಿ. ಹಳೆಯ ರಸ್ತೆ ನೆಲಮಟ್ಟಕ್ಕೆ ಹತ್ತಿರವಿದ್ದಾಗ ವಿಪರೀತ ಮಳೆಯ ದಿನ ನೀರು ರಸ್ತೆಯ ಮೇಲೆಯೇ ಹರಿದು ದಾಟುತ್ತಿತ್ತು. ಸಂಚಾರಕ್ಕೆ ತೊಂದರೆ, ಗದ್ದೆಗೆ ಅಲ್ಲ. ಚತುಷ್ಪಥದ ಎತ್ತರದ ಏರಿ ಬಂದ ಮೇಲೆ ನೀರಿಗೆ ಉಳಿದಿರುವುದು ಮೋರಿಗಳಷ್ಟೇ. ಮೋರಿಯ ಅಗಲ, ಅದರ ತಳಮಟ್ಟ, ಎರಡು ಮೋರಿಗಳ ನಡುವಣ ಅಂತರ ಇವು ಮೂರೂ ಡಿಪಿಆರ್‌ನಲ್ಲಿ ನಿರ್ಧಾರವಾಗುವ ಸಂಗತಿಗಳು. ತಳಮಟ್ಟ ಒಂದಡಿ ಮೇಲಾದರೆ ಬೈಲಿನಲ್ಲಿ ಒಂದಡಿ ನೀರು ವಾರಗಟ್ಟಲೆ ನಿಲ್ಲುತ್ತದೆ. ನಾಟಿ ಮಾಡಿದ ಕಾರ್ತಿ ಬೆಳೆ ಕೊಳೆಯಲು ಅಷ್ಟು ಸಾಕು. ರೈತರು ಇದನ್ನು ‘ಕೃತಕ ನೆರೆ’ ಎನ್ನುತ್ತಾರೆ. ಕೃತಕ ಎಂಬ ಮಾತು ಇಲ್ಲಿ ಅಕ್ಷರಶಃ ಸರಿ.

ಸುರತ್ಕಲ್–ಕುಂದಾಪುರ ಚತುಷ್ಪಥ ಕಾಮಗಾರಿ ಆರಂಭವಾದದ್ದು 2010ರಲ್ಲಿ. ಕುಂದಾಪುರ ಶಾಸ್ತ್ರಿ ವೃತ್ತದ ಮೇಲ್ಸೇತುವೆ ಸಂಚಾರಕ್ಕೆ ತೆರೆದದ್ದು 2021ರಲ್ಲಿ. ಈ ಹನ್ನೊಂದು ವರ್ಷಗಳಲ್ಲಿ ನಡೆದ ಹೋರಾಟಗಳಲ್ಲಿ ಟೋಲ್, ಸರ್ವಿಸ್ ರಸ್ತೆ, ಮೇಲ್ಸೇತುವೆಯ ವಿಳಂಬ ಎಲ್ಲವೂ ಚರ್ಚೆಯಾದವು. ಮೋರಿಗಳ ಲೆಕ್ಕಾಚಾರ ಮಾತ್ರ ಆಗಲಿಲ್ಲ. ಆಗುವುದೂ ಕಷ್ಟವಿತ್ತು. ಡಿಪಿಆರ್ ಕೈಗೆ ಸಿಗುವ ಹೊತ್ತಿಗೆ ಕಾಮಗಾರಿಯ ಗುತ್ತಿಗೆ ಆಗಿಹೋಗಿರುತ್ತದೆ. ಆ ಮೇಲೆ ಒಂದು ಮೋರಿ ಹೆಚ್ಚಿಸಬೇಕೆಂದರೆ ಅದು ‘ಹೆಚ್ಚುವರಿ ಕೆಲಸ’, ಅದಕ್ಕೆ ದಿಲ್ಲಿಯವರೆಗೂ ಕಡತ ಓಡಬೇಕು.

ಗದ್ದೆಬೈಲಿನ ಮೇಲೆ ಏರಿ ಕಟ್ಟುವುದು ಎಷ್ಟು ಎಚ್ಚರದ ಕೆಲಸ ಎಂಬುದು ದೇಶಕ್ಕೆ ತಿಳಿದದ್ದು 2025ರ ಮೇ ತಿಂಗಳಲ್ಲಿ. ಇದೇ ಹೆದ್ದಾರಿ 66ರ ಕೇರಳ ಭಾಗದಲ್ಲಿ, ಮಲಪ್ಪುರಂ ಜಿಲ್ಲೆಯ ಕೂರಿಯಾಡ್ ಎಂಬಲ್ಲಿ ಗದ್ದೆಯ ಮೇಲೆ ಕಟ್ಟಿದ ಎತ್ತರದ ರಸ್ತೆ ಕುಸಿಯಿತು. ಕೇಂದ್ರ ಸರಕಾರ ಆಗ ಗುತ್ತಿಗೆದಾರ ಸಂಸ್ಥೆಯನ್ನಷ್ಟೇ ಅಲ್ಲ, ಸಲಹಾ ಸಂಸ್ಥೆಯನ್ನೂ ಹೊಸ ಟೆಂಡರುಗಳಿಂದ ದೂರವಿಟ್ಟಿತು. ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ ಹೆದ್ದಾರಿ ಸಚಿವ ನಿತಿನ್ ಗಡ್ಕರಿ ಅವರು ದಿಲ್ಲಿಯ ಸಮಾವೇಶವೊಂದರಲ್ಲಿ, ಅಪಘಾತಗಳಿಗೆ ದೋಷಪೂರಿತ ಡಿಪಿಆರ್ ಹಾಗೂ ಅದನ್ನು ಸಿದ್ಧಪಡಿಸುವ ಎಂಜಿನಿಯರುಗಳನ್ನೇ ಹೊಣೆಯಾಗಿಸಿ ಮಾತಾಡಿದ್ದರು. ಸಚಿವರ ಮಾತಿನಲ್ಲಿ ಹುರುಳಿದೆ. ಆದರೆ ಅಂಥ ಡಿಪಿಆರ್‌ಗಳನ್ನು ಕೊಂಡುಕೊಂಡವರು ಯಾರು, ಯಾವ ನಿಯಮದಡಿ ಕೊಂಡರು ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬರಬೇಕಿತ್ತು.

ಅಂಕ ಯಾವುದಕ್ಕೆ?

ರಾಜ್ಯದ ಸರಕಾರಿ ಖರೀದಿಗಳೆಲ್ಲ ‘ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999’ರ ಅಡಿ ನಡೆಯುತ್ತವೆ. ಕೆಟಿಪಿಪಿ ಎಂದೇ ಪರಿಚಿತವಾದ ಈ ಕಾಯ್ದೆ ಬಂದದ್ದು ಭ್ರಷ್ಟಾಚಾರ ತಡೆಯಲು. ಅರ್ಹರಾದವರಲ್ಲಿ ಕನಿಷ್ಠ ದರ ನಮೂದಿಸಿದವರಿಗೆ ಕೆಲಸ ಎಂಬ ನಿಯಮ ಇದರ ಬೆನ್ನೆಲುಬು. ಸಿಮೆಂಟ್, ಕಬ್ಬಿಣ, ಕುರ್ಚಿ, ಮೇಜು ಕೊಳ್ಳಲು ಇದು ಸರಿಯಾದ ವಿಧಾನ. ಎಲ್ಲರೂ ಕೊಡುವುದು ಒಂದೇ ಮಾಲು. ನಕ್ಷೆ, ಅಧ್ಯಯನ, ಸಲಹೆ ಹಾಗಲ್ಲ. ಹತ್ತು ಕಡೆ ಕೊರೆದು ಬರೆದ ವರದಿಗೂ ಎರಡು ಕಡೆ ಕೊರೆದು ಬರೆದ ವರದಿಗೂ ಹೊರಗಿನ ರಟ್ಟು ಒಂದೇ ತೆರನಾಗಿರುತ್ತದೆ.

ಈ ವ್ಯತ್ಯಾಸ ಸರಕಾರಕ್ಕೆ ತಿಳಿಯದ್ದಲ್ಲ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು, 2017ರಲ್ಲಿ ಸಲಹಾ ಸೇವೆಗಳಿಗೆ ಗುಣಮಟ್ಟ ಮತ್ತು ದರ ಎರಡಕ್ಕೂ ಅಂಕ ಕೊಡುವ ಪದ್ಧತಿಗೆ ಅವಕಾಶವಿದೆ. 2021ರ ಅಕ್ಟೋಬರ್‌ನಲ್ಲಿ ಹಣಕಾಸು ಸಚಿವಾಲಯ ಇದನ್ನು ಗುಣಮಟ್ಟವೇ ಮುಖ್ಯವೆಂದು ಘೋಷಿಸಲಾದ ಆಯ್ದ ಕಾಮಗಾರಿಗಳಿಗೂ ವಿಸ್ತರಿಸಿ, ದರೇತರ ಅಂಶಗಳಿಗೆ ಗರಿಷ್ಠ 30 ಅಂಕದ ಮಿತಿ ಹಾಕಿತು. ಅಮೆರಿಕದಲ್ಲಿ 1972ರ ಬ್ರೂಕ್ಸ್ ಕಾಯ್ದೆಯ ಪ್ರಕಾರ ಕೇಂದ್ರ ಸರಕಾರದ ಇಲಾಖೆಗಳು ಎಂಜಿನಿಯರುಗಳನ್ನು ಮೊದಲು ಅರ್ಹತೆಯಿಂದ ಆರಿಸಿ, ದರದ ಮಾತನ್ನು ಆಮೇಲೆ ಆಡಬೇಕು. ಐರೋಪ್ಯ ಒಕ್ಕೂಟದ 2014ರ ಖರೀದಿ ನಿರ್ದೇಶನ ಕಟ್ಟುವ ಖರ್ಚಿನ ಜತೆ ಆಯುಷ್ಯಪೂರ್ತಿ ನಿರ್ವಹಣೆಯ ಹಾಗೂ ಪರಿಸರ ಹಾನಿಯ ಖರ್ಚನ್ನೂ ಲೆಕ್ಕ ಹಿಡಿಯಲು ಅನುವು ಮಾಡಿಕೊಟ್ಟಿದೆ.

ಆದರೆ ಅಂಕ ಪದ್ಧತಿ ತಂದ ಮಾತ್ರಕ್ಕೆ ಗುಡ್ಡ ಉಳಿಯುವುದಿಲ್ಲ. ನಮ್ಮಲ್ಲಿ ಗುಣಮಟ್ಟದ ಅಂಕ ಹೆಚ್ಚಾಗಿ ಹೋಗುವುದು ಸಂಸ್ಥೆಗೆ ಎಷ್ಟು ವರ್ಷವಾಯಿತು, ಹಿಂದೆ ಎಷ್ಟು ಕಿಲೋಮೀಟರಿಗೆ ವರದಿ ಬರೆದಿದೆ, ವಾರ್ಷಿಕ ವಹಿವಾಟೆಷ್ಟು, ತಂಡದಲ್ಲಿ ಯಾರ ಯಾರ ಹೆಸರಿದೆ ಎಂಬುದಕ್ಕೆ. ರಾಜಸ್ಥಾನದಲ್ಲಿ ಸಾವಿರ ಕಿಲೋಮೀಟರ್ ಅಳೆದವನಿಗೆ ಪೂರ್ಣಾಂಕ. ಶೇಡಿಮಣ್ಣಿನಲ್ಲಿ ಹತ್ತು ವರ್ಷ ಕೆಲಸ ಮಾಡಿದವನಿಗೆ ಪ್ರತ್ಯೇಕ ಅಂಕವಿಲ್ಲ. ಹಿಂದೆ ಅದೇ ಸಂಸ್ಥೆ ಬರೆದ ವರದಿಯಂತೆ ಕಟ್ಟಿದ ರಸ್ತೆ ಮಳೆಯಲ್ಲಿ ಏನಾಯಿತು ಎಂಬ ಅಂಕಣವೂ ಅಷ್ಟೇ ಅಪರೂಪ.

ಪರಿಸರ ಪರಿಣಾಮ ಅಧ್ಯಯನವಿದೆಯಲ್ಲ ಎಂಬ ಸಮಾಧಾನವೂ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. 2006ರ ಅಧಿಸೂಚನೆಯಡಿ 30 ಕಿ.ಮೀ. ಮೀರಿದ, ನಿಗದಿತ ಅಗಲಕ್ಕಿಂತ ಹೆಚ್ಚು ಭೂಮಿ ಬೇಡುವ ಹೆದ್ದಾರಿ ವಿಸ್ತರಣೆಗೆ ಪರಿಸರ ಅನುಮತಿ ಬೇಕಿತ್ತು. 2013ರ ಆಗಸ್ಟ್‌ನಲ್ಲಿ ಆ ಮಿತಿಯನ್ನು 100 ಕಿ.ಮೀ.ಗೆ ಏರಿಸಲಾಯಿತು. ಇನ್ನು ಲೋಕೋಪಯೋಗಿ ಇಲಾಖೆಯ ಒಳರಸ್ತೆಗಳು, ತೋಡಿನ ತಡೆಗೋಡೆಗಳು, ಸಣ್ಣ ನೀರಾವರಿಯ ಕಿಂಡಿ ಅಣೆಕಟ್ಟುಗಳು ಬಹುತೇಕ ಈ ಜಾಲದೊಳಗೆ ಬರುವುದೇ ಇಲ್ಲ. ಬರುವ ಯೋಜನೆಗಳಲ್ಲೂ ಅಧ್ಯಯನ ನಡೆಸುವ ಸಂಸ್ಥೆಯನ್ನು ನೇಮಿಸಿ ಹಣ ಕೊಡುವವರು ಯೋಜನೆಯ ಮಾಲೀಕರೇ. ಆದಕಾರಣ ಸಣ್ಣ, ಮಧ್ಯಮ ಗಾತ್ರದ ಕಾಮಗಾರಿಗಳಲ್ಲಿ ಪರಿಸರವನ್ನು ಕಾನೂನುಬದ್ಧವಾಗಿ ಪರಿಗಣಿಸಲು ಉಳಿದಿರುವ ಸ್ಥಳ ಸೇವಾ ಟೆಂಡರಿನ ಷರತ್ತುಗಳ ಪುಟ ಮಾತ್ರ.

ಏರಿಗೆ ಬೇಕಾದ ಮಣ್ಣಿನ ವಿಷಯದಲ್ಲೂ ಇದೇ ಕತೆ. ರಸ್ತೆ, ಪೈಪ್‌ಲೈನ್‌ನಂಥ ಕಾಮಗಾರಿಗಳಿಗೆ ಮಣ್ಣು ತೆಗೆಯಲು ಪರಿಸರ ಅನುಮತಿ ಬೇಡವೆಂದು ಕೇಂದ್ರ 2020ರ ಮಾರ್ಚ್‌ನಲ್ಲಿ ವಿನಾಯಿತಿ ನೀಡಿತ್ತು. ಪ್ರಮಾಣವೆಷ್ಟು, ಪ್ರದೇಶವೆಷ್ಟು ಎಂಬ ಮಿತಿಯೇ ಇಲ್ಲದ ಈ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರಂದು ರದ್ದುಪಡಿಸಿತು. ಎಷ್ಟು ಮಣ್ಣು ಬೇಕು, ಯಾವ ಗುಡ್ಡದಿಂದ ಬರುತ್ತದೆ, ತೆಗೆದ ಮೇಲೆ ಆ ಹೊಂಡಕ್ಕೇನು ಗತಿ ಎಂಬುದನ್ನು ಡಿಪಿಆರ್ ಹಂತದಲ್ಲೇ ಬರೆಯಿಸಿದರೆ ಸಾರ್ವಜನಿಕರಿಗೂ ಮೊದಲೇ ತಿಳಿಯುತ್ತದೆ. ಬರೆಯಿಸದಿದ್ದರೆ ರಾತ್ರಿ ಹೊತ್ತು ಟಿಪ್ಪರ್‌ಗಳ ಸದ್ದಿನಿಂದ ತಿಳಿಯುತ್ತದೆ.

ಮರವಂತೆಯ ಪಾಠ

ಬೇರೆ ಬಗೆಯಲ್ಲಿ ಸೇವೆ ಖರೀದಿಸಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ, ನಡುವೆ ಹೆದ್ದಾರಿ ಇರುವ ಮರವಂತೆಯಲ್ಲಿ ಕಡಲ್ಕೊರೆತ ತಡೆಗೆ ದಶಕಗಳ ಕಾಲ ನಡೆದದ್ದು ಕಲ್ಲು ಸುರಿಯುವ ಕಾರ್ಯಕ್ರಮ. ಮಳೆಗಾಲದಲ್ಲಿ ಅಲೆ ಏರಿದಾಗ ತುರ್ತು ಅನುದಾನ, ಲಾರಿಗಟ್ಟಲೆ ಬಂಡೆ; ಮರುವರ್ಷ ಬಂಡೆ ಮರಳಿನಡಿ ಮಾಯ. ತುರ್ತು ಎಂಬ ಪದ ಬಂದಲ್ಲಿ ಅಧ್ಯಯನಕ್ಕೆ ಪುರುಸೊತ್ತಿಲ್ಲ. ಬಂಡೆಗಾಗಿ ಯಾವ ಊರಿನ ಗುಡ್ಡ ಒಡೆಯಿತೆಂಬ ಲೆಕ್ಕವೂ ಇಲ್ಲ.

2010ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ 25 ಕೋಟಿ ಡಾಲರ್‌ವರೆಗಿನ ಸುಸ್ಥಿರ ಕರಾವಳಿ ಸಂರಕ್ಷಣೆ ಮತ್ತು ನಿರ್ವಹಣೆ ಕಾರ್ಯಕ್ರಮಕ್ಕೆ ಒಪ್ಪಿಗೆ ನೀಡಿತು. ಉಳ್ಳಾಲದ ಬಳಿಕ ಮರವಂತೆಯೂ ಇದರ ವ್ಯಾಪ್ತಿಗೆ ಬಂತು. ಬ್ಯಾಂಕಿನ ಸಾಲಕ್ಕೆ ಬ್ಯಾಂಕಿನ ಖರೀದಿ ನಿಯಮ ಅನ್ವಯ: ಸಲಹಾ ಸಂಸ್ಥೆಯ ಆಯ್ಕೆಯಲ್ಲಿ ಸಾಮಾನ್ಯವಾಗಿ 80 ಅಂಕ ಗುಣಮಟ್ಟಕ್ಕೆ, 20 ದರಕ್ಕೆ. ಪರಿಸರ ಅಧ್ಯಯನ ಕಡ್ಡಾಯ, ವರದಿ ಬಹಿರಂಗ. ಮರಳು ಯಾವ ಋತುವಿನಲ್ಲಿ ಎತ್ತ ಸಾಗುತ್ತದೆ ಎಂಬ ಪ್ರಶ್ನೆಯಿಂದ ವಿನ್ಯಾಸ ಆರಂಭವಾಗಿ, ದಡದಿಂದ ಕಡಲಿಗೆ ಚಾಚಿದ ಟಿ ಆಕಾರದ ಕಲ್ಲಿನ ತಡೆಗಳು ನಿರ್ಮಾಣಗೊಂಡವು. ಹೆದ್ದಾರಿಯಿಂದಲೇ ಕಾಣುವ ಈ ತಡೆಗಳ ನಡುವೆ ಇಂದು ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಾರೆ.

ಇದನ್ನು ಪವಾಡವೆಂದು ಬಣ್ಣಿಸುವ ಅಗತ್ಯವಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಅಪ್ಪಳಿಸಿದಾಗಲೂ, ಆ ಬಳಿಕವೂ ಮರವಂತೆಯ ಮೀನುಗಾರರ ವಸತಿ ಇರುವ ಭಾಗದಲ್ಲಿ ಕಡಲು ದಡವನ್ನು ಕೊರೆದಿದೆ. ಒಂದೆಡೆ ಮರಳು ಹಿಡಿದರೆ ಇನ್ನೊಂದೆಡೆ ಕೊರತೆ ಬೀಳಬಹುದೆಂಬುದು ಕಡಲತಡಿಯ ಎಂಜಿನಿಯರಿಂಗಿನ ಮೊದಲ ಪಾಠ. ಸಾಲದ ಹಣದ ಯೋಜನೆ ತನ್ನ ನಕ್ಷೆಯ ಗಡಿ ಮುಗಿದಲ್ಲಿಗೆ ನಿಲ್ಲುತ್ತದೆ. ಮೀನುಗಾರನ ಮನೆ ಗಡಿಯ ಆಚೆಗಿದ್ದರೆ ಅವನಿಗೆ ಮತ್ತೆ ಬಂಡೆಯೇ ಗತಿ. ಆದರೂ ಇಲ್ಲಿ ಒಂದು ವ್ಯತ್ಯಾಸ ಗಮನಾರ್ಹ. ಮರವಂತೆಯ ವಿನ್ಯಾಸವನ್ನು ಪ್ರಶ್ನಿಸಬೇಕೆಂದರೆ ಕೈಯಲ್ಲಿ ಹಿಡಿಯಲು ಒಂದು ದಾಖಲೆಯಿದೆ. ಸುರಿದ ಬಂಡೆಯನ್ನು ಪ್ರಶ್ನಿಸಲು ಯಾವ ದಾಖಲೆಯೂ ಇಲ್ಲ.

ಪರಿಸರವನ್ನು ಮೊದಲೇ ಲೆಕ್ಕ ಹಿಡಿಯದಿದ್ದರೆ ಕಾಲವೇ ದಂಡ ವಿಧಿಸುತ್ತದೆ ಎಂಬುದಕ್ಕೆ ವಾರಾಹಿ ನೀರಾವರಿ ಯೋಜನೆ ಸಾಕ್ಷಿ. 1979ರಲ್ಲಿ 9.43 ಕೋಟಿ ರೂ. ಅಂದಾಜಿನಲ್ಲಿ 15,702 ಹೆಕ್ಟೇರ್ ಭೂಮಿಗೆ ನೀರುಣಿಸಲು ಹೊರಟ ಯೋಜನೆಯಿದು. ಮರುವರ್ಷವೇ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಕಾಲುವೆಯ ದಾರಿಯಲ್ಲಿದ್ದ ಅರಣ್ಯ ಭೂಮಿಯ ಅನುಮತಿ ವರ್ಷಗಟ್ಟಲೆ ಕಗ್ಗಂಟಾಗಿ, ನೀರು ಕಾಲುವೆಗೆ ಇಳಿಯುವ ಹೊತ್ತಿಗೆ ಮೂರೂವರೆ ದಶಕ ಸರಿದಿತ್ತು. ವೆಚ್ಚ ಹತ್ತಾರು ಪಟ್ಟು ಏರಿತ್ತು.

ವಿನಾಯಿತಿಯ ದಾರಿ

2018ರಲ್ಲಿ ಕುಂದಾಪುರದಿಂದ ಬೈಂದೂರು, ಉಡುಪಿಯಿಂದ ಬ್ರಹ್ಮಾವರ ಬೇರ್ಪಟ್ಟು ಹೊಸ ತಾಲೂಕುಗಳಾದವು. ಹೊಸ ತಾಲೂಕೆಂದರೆ ಹೊಸ ಕಚೇರಿ, ಹೊಸ ವಸತಿಗೃಹ, ಹೊಸ ರಸ್ತೆ. ಇಂಥ ಕಟ್ಟಡ ಕಾಮಗಾರಿಗಳಲ್ಲಿ ಕೆಟಿಪಿಪಿ ಕಾಯ್ದೆಯ 4(ಜಿ) ವಿನಾಯಿತಿಯಡಿ ಟೆಂಡರ್ ಇಲ್ಲದೆಯೇ ಸರಕಾರದ ಏಜೆನ್ಸಿಗಳಿಗೆ ಕೆಲಸ ವಹಿಸುವುದು ರಾಜ್ಯದಲ್ಲಿ ರೂಢಿ. ಅವುಗಳಲ್ಲಿ ನಿರ್ಮಿತಿ ಕೇಂದ್ರವೂ ಒಂದು. 1980ರ ದಶಕದ ನಡುವಿನಲ್ಲಿ ಕೇರಳದ ಕೊಲ್ಲಂನಲ್ಲಿ ಮೊಳೆತು, ಹುಡ್ಕೊ ನೆರವಿನಿಂದ ದೇಶದ ಜಿಲ್ಲೆಜಿಲ್ಲೆಗೆ ಹಬ್ಬಿದ ಈ ಕಲ್ಪನೆಯ ಮೂಲ ಉದ್ದೇಶ, ಸ್ಥಳೀಯ ಸಾಮಗ್ರಿ ಬಳಸಿ ಕಡಿಮೆ ಖರ್ಚಿನ, ಪರಿಸರಸ್ನೇಹಿ ಕಟ್ಟಡ ಕಟ್ಟುವುದು ಮತ್ತು ಕಟ್ಟಲು ಕಲಿಸುವುದು. ಕರಾವಳಿಯಲ್ಲಿ ಅಂದರೆ ಮುರಕಲ್ಲಿನ ಗೋಡೆ, ಹಂಚಿನ ಮಾಡು, ಮಳೆನೀರನ್ನು ಗೋಡೆಯಿಂದ ದೂರ ಬೀಳಿಸುವ ಚಾಚು. ಇಂದು ಕಾಣುವ ಸರಕಾರಿ ಕಟ್ಟಡಗಳಲ್ಲಿ ಹೆಚ್ಚಿನವು ಬೀದರ್‌ನಲ್ಲಿ ಇದ್ದರೂ ಬೈಂದೂರಿನಲ್ಲಿ ಇದ್ದರೂ ಒಂದೇ: ಸಮತಟ್ಟು ಕಾಂಕ್ರೀಟ್ ತಾರಸಿ, ನಾಲ್ಕನೆಯ ಮಳೆಗಾಲಕ್ಕೆ ಅದರ ಮೇಲೊಂದು ತಗಡಿನ ಮಾಡು. ಪರಿಸರಸ್ನೇಹಿ ಎಂಬ ಕಾರಣಕ್ಕೆ ಹುಟ್ಟಿದ ಸಂಸ್ಥೆಗೆ ಟೆಂಡರ್ ವಿನಾಯಿತಿ ಕೊಡುವುದಾದರೆ, ಆ ಕಾರಣವನ್ನು ಕಾರ್ಯಾದೇಶದ ಷರತ್ತಿನಲ್ಲಿ ಬರೆಯಲು ಅಡ್ಡಿಯೇನು?

ಕಾಯ್ದೆಯೇ ಅಡ್ಡಿ ಎಂದು ಅಧಿಕಾರಿಗಳು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಇದೇ ಕೆಟಿಪಿಪಿ ಕಾಯ್ದೆಗೆ ತಿದ್ದುಪಡಿ ತಂದು ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ.17.15, ಪರಿಶಿಷ್ಟ ಪಂಗಡದವರಿಗೆ ಶೇ.6.95 ಕಾಮಗಾರಿಗಳನ್ನು ಮೀಸಲಿಡಲಾಗಿದೆ. ಮೊದಲು 50 ಲಕ್ಷ ರೂ.ವರೆಗಿನ ಕೆಲಸಗಳಿಗಿದ್ದ ಈ ಸೌಲಭ್ಯವನ್ನು 2023ರಲ್ಲಿ 1 ಕೋಟಿ ರೂ.ಗೆ ವಿಸ್ತರಿಸಲಾಯಿತು. ಕನಿಷ್ಠ ದರವೊಂದೇ ಖರೀದಿಯ ಗುರಿಯಲ್ಲ, ಸಮಾಜದ ಹಿತವೂ ಒಂದು ಗುರಿ ಎಂದು ಶಾಸಕಾಂಗ ಒಮ್ಮೆ ಒಪ್ಪಿಕೊಂಡಿದೆ. ಪರಿಸರಕ್ಕೆ ಅದೇ ಬಾಗಿಲು ತೆರೆಯಲು ಇಚ್ಛಾಶಕ್ತಿಯ ಹೊರತು ಬೇರೇನೂ ಬೇಕಿಲ್ಲ.

ಕಾಯ್ದೆ ತಿದ್ದುಪಡಿಗೆ ಕಾಯದೆಯೂ ಮಾಡಬಹುದಾದ ಕೆಲಸವಿದೆ. ಸೇವಾ ಟೆಂಡರಿನ ಕಾರ್ಯವ್ಯಾಪ್ತಿ ಬರೆಯುವುದು ಆಯಾ ಇಲಾಖೆಯ ಎಂಜಿನಿಯರುಗಳೇ. ಗುಡ್ಡ ಕಡಿಯುವ ಪ್ರತಿ ಜಾಗದಲ್ಲೂ ಶೇಡಿಯ ಆಳ ತಿಳಿಯುವವರೆಗೆ ಕೊರೆಯಬೇಕು, ಅದಕ್ಕೆ ಪ್ರತ್ಯೇಕ ದರ ಕೊಡಲಾಗುವುದು ಎಂದು ಅವರು ಬರೆದರೆ ಕಡಿಮೆ ಕೊರೆದು ಉಳಿಸುವ ಆಮಿಷವೇ ಇಲ್ಲವಾಗುತ್ತದೆ. ಮೋರಿಯ ಲೆಕ್ಕಕ್ಕೆ ಬೇಕಾದ ಮಳೆಯ ಮಾಹಿತಿಗೆ ಬೆಂಗಳೂರಿನ ಸರಾಸರಿಯನ್ನು ಆಶ್ರಯಿಸಬೇಕಾಗಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯತ್ ಮಟ್ಟದಲ್ಲೇ ಇವೆ. ಸಲಹಾ ಸಂಸ್ಥೆಯ ಶುಲ್ಕದ ಒಂದು ಪಾಲನ್ನು ಕಾಮಗಾರಿ ಮುಗಿದು ಎರಡು ಮಳೆಗಾಲ ಕಳೆಯುವವರೆಗೆ ತಡೆಹಿಡಿದರೆ ವರದಿ ಬರೆದವರೂ ಒಮ್ಮೆ ಜುಲೈ ತಿಂಗಳಲ್ಲಿ ಇತ್ತ ಬಂದು ನೋಡಿಯಾರು.

ಇದರಿಂದ ಸೇವೆಯ ದರ ಏರುವುದು ಖಚಿತ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮುಂಬರುವ ಲೆಕ್ಕ ತಪಾಸಣೆಯಲ್ಲಿ ‘ಕಡಿಮೆ ದರದವರನ್ನು ಬಿಟ್ಟದ್ದೇಕೆ’ ಎಂಬ ಆಕ್ಷೇಪ ಬರಬಹುದೆಂಬ ಭಯ ಕಾರ್ಯಪಾಲಕ ಎಂಜಿನಿಯರಿಗೆ ಇರುವುದೂ ಸಹಜ. ಗುಡ್ಡ ಕುಸಿದದ್ದಕ್ಕೆ ಲೆಕ್ಕ ತಪಾಸಣೆ ಅವರನ್ನು ಕೇಳುವುದು ವಿರಳ. ಈ ಭಯ ನೀಗಬೇಕಾದರೆ ಗುಣಮಟ್ಟದ ಅಂಕಗಳನ್ನು ಸ್ಥಳೀಯವಾಗಿ ನಿಗದಿಪಡಿಸಲು ಬೆಂಗಳೂರಿನಿಂದ ಲಿಖಿತ ಆದೇಶ ಬರಬೇಕು. ಇನ್ನೊಂದು ಅಪಾಯವೂ ಇದೆ. ಅಂಕ ಕೊಡುವ ಅಧಿಕಾರ ಸಿಕ್ಕೊಡನೆ ಬೇಕಾದವರಿಗೆ ಅಂಕ ಹಂಚುವ ಚಾಳಿಯೂ ಬರುತ್ತದೆ. ಕೆಟಿಪಿಪಿ ಕಾಯ್ದೆ ಹುಟ್ಟಿದ್ದೇ ಆ ಚಾಳಿಗೆ ಕಡಿವಾಣ ಹಾಕಲು. ಯಾರಿಗೆ ಯಾವ ಕಾರಣಕ್ಕೆ ಎಷ್ಟು ಅಂಕ ಎಂಬ ಪಟ್ಟಿಯನ್ನು ದರದ ಲಕೋಟೆ ತೆರೆಯುವ ಮೊದಲೇ ಜಾಲತಾಣದಲ್ಲಿ ಹಾಕುವುದು ಇದಕ್ಕೆ ಉಳಿದಿರುವ ಮದ್ದು.

ಸದ್ಯಕ್ಕೆ ರಾಜ್ಯದ ಟೆಂಡರುಗಳೆಲ್ಲ ಪ್ರಕಟವಾಗುವುದು ಸರಕಾರದ ಸಂಗ್ರಹಣಾ ಪೋರ್ಟಲಿನಲ್ಲಿ. ಬಜೆಟ್ ಮುಗಿದ ಬೆನ್ನಿಗೇ, ಏಪ್ರಿಲ್ ಹೊತ್ತಿಗೆ ಡಿಪಿಆರ್ ಟೆಂಡರ್ ಕರೆದು ಅವಧಿಯನ್ನು ಒಂದು ವರ್ಷಕ್ಕೆ ನಿಗದಿಪಡಿಸಿದರೆ ಅದರೊಳಗೆ ಒಂದು ಪೂರ್ಣ ಮಳೆಗಾಲ ತಾನಾಗಿ ಬರುತ್ತದೆ. ಅದಕ್ಕೆ ತಗಲುವ ಹೆಚ್ಚುವರಿ ಕಾಲ ಐದಾರು ತಿಂಗಳು.